ಕಂಪನಿಗಳ ಉದ್ಧಾರಕ್ಕೊಂದು ಸರ್ಕಾರಿ ಶಾಲೆ

ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದ ಮೇಲೆ ಬೆಂಗಳೂರಿನ ಸುತ್ತಮುತ್ತಲ ಸರ್ಕಾರಿ ಪ್ರೌಢಶಾಲೆಗಳಿಗೆ ಇನ್ನೊಂದು ಸುಗ್ಗಿ ಬರುತ್ತದೆ. ಗೇಟಿನ ಮುಂದೆ ಎಸಿ ಬಸ್ಸು ನಿಲ್ಲುತ್ತದೆ. ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಮೂವತ್ತು ನಲವತ್ತು ಮಂದಿ ಕಂಪನಿ ನೌಕರರು ಇಳಿಯುತ್ತಾರೆ. ಮಕ್ಕಳನ್ನು ಉದ್ಯೋಗ ಜಗತ್ತಿಗೆ ಸಜ್ಜುಗೊಳಿಸುವ ಕಾರ್ಯ ಹತ್ತೂವರೆಗೆ ಶುರುವಾಗಿ ಒಂದೂವರೆಗೆ ಮುಗಿಯುತ್ತದೆ. ಸಜ್ಜುಗೊಳಿಸುವವರು ತಾವು ಸಜ್ಜಾಗಲು ಹದಿನಾರು ವರ್ಷ ಓದಿ, ಆಮೇಲೆ ಆರು ತಿಂಗಳು ಪ್ರಾಜೆಕ್ಟ್ ಸಿಗದೆ ಕಂಪನಿಯ ಬೆಂಚಿನ ಮೇಲೆ ಕೂತವರು. ಸರ್ಕಾರಿ ಶಾಲೆಯ ಮಕ್ಕಳು ಚುರುಕು, ಮೂರು ಗಂಟೆ ಸಾಕು.

ಈ ಸೇವೆ ಜೂನ್‌ನಲ್ಲಿ ಯಾಕೆ ಉಕ್ಕುವುದಿಲ್ಲ ಎಂದು ಕೇಳಬಾರದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯವೋ, 1000 ಕೋಟಿ ವಹಿವಾಟೋ, 5 ಕೋಟಿ ನಿವ್ವಳ ಲಾಭವೋ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಎನ್ನುವುದು ಇದನ್ನೇ. ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವುದೂ ಹೆಚ್ಚುಕಮ್ಮಿ ಆಗಲೇ. ಹಾಗಾಗಿ ಫೆಬ್ರವರಿಯಲ್ಲಿ ಎಚ್‌ಎಂ ಮೇಡಂ ಕೋಣೆಯಲ್ಲಿ ಈ ಸಂಭಾಷಣೆ ನಡೆಯುತ್ತದೆ.

"ಪ್ರಿಪರೇಟರಿ ನಡೀತಿದೆ ಸಾರ್. ಜೂನ್‌ನಲ್ಲಿ ಬನ್ನಿ, ಎಷ್ಟು ದಿನ ಬೇಕಾದ್ರೂ ತಗೊಳ್ಳಿ."

"ಜೂನ್‌ಗೆ ಹೊಸ ಬಜೆಟ್ ಅಪ್ರೂವ್ ಆಗಿರಲ್ಲ ಮೇಡಂ. ಮಕ್ಕಳ ಭವಿಷ್ಯದ ಪ್ರಶ್ನೆ ಇದು. ಈ ಶುಕ್ರವಾರವೇ ಆಗಬೇಕು."

ಶುಕ್ರವಾರ ಗಣಿತ ಪ್ರಿಪರೇಟರಿ ಇತ್ತು. ಅದು ಭವಿಷ್ಯದ ಮುಂದೆ ಸೋತಿತು.

ಮೊದಲ ಅವಧಿ ಪರಿಚಯ. ದಯವಿಟ್ಟು ಯಾವ ಕಂಪನಿಯೂ ಇದನ್ನು ಕಾರ್ಯಕ್ರಮದಲ್ಲಿ ಇಟ್ಟುಕೊಳ್ಳಬಾರದು, ಅಪಾಯಕಾರಿ. ಒಬ್ಬರು ಎದ್ದು ತಾವು ಪ್ರಾಡಕ್ಟ್ ಓನರ್ ಎನ್ನುತ್ತಾರೆ. ಎರಡನೇ ಬೆಂಚಿನಿಂದ ಪ್ರಶ್ನೆ ಬರುತ್ತದೆ: "ಕಂಪ್ನಿ ನಿಮ್ದೇನಾ ಸಾರ್?" ಅಲ್ಲ. "ಮತ್ತೆ ಅಂಗಡಿ?" ಅದೂ ಅಲ್ಲ. "ಮತ್ತೆ ಓನರ್ ಅಂದ್ರಿ?" ಇನ್ನೊಬ್ಬರು ಸ್ಕ್ರಮ್ ಮಾಸ್ಟರ್. ಯಾವ ಸಬ್ಜೆಕ್ಟ್ ತಗೋತೀರಿ ಎಂದು ಒಬ್ಬಳು ಮರ್ಯಾದೆಯಿಂದಲೇ ಕೇಳುತ್ತಾಳೆ. ಬೆಳಿಗ್ಗೆಯಿಂದ ಸಂಜೆವರೆಗೆ ನಿಜಕ್ಕೂ ಏನು ಮಾಡುತ್ತೀರಿ ಎಂಬ ಪ್ರಶ್ನೆ ಬರುವ ಹೊತ್ತಿಗೆ ತಂಡದ ನಾಯಕರು ಮಕ್ಕಳಿಗೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯುವ ಒಂದು ಆಟ ಆಡಿಸುತ್ತಾರೆ.

ಎರಡನೇ ಅವಧಿ, ಸಂವಹನ ಕೌಶಲ್ಯ. ಕಲಿಸಲು ನಿಂತವರಿಗೆ ಕನ್ನಡ ಬರದು, ಕೂತವರಿಗೆ ಅಷ್ಟು ವೇಗದ ಇಂಗ್ಲಿಷ್ ಬರದು. ಕಡೆಗೆ ರಾಯಚೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ದಂಪತಿಯ ಮಗ, ಎಂಟನೇ ಕ್ಲಾಸಿನವನು, ಎದ್ದು ಬರುತ್ತಾನೆ. ಮನೆಯಲ್ಲಿ ಕನ್ನಡ, ಶೆಡ್ಡುಗಳ ಸಾಲಿನಲ್ಲಿ ತೆಲುಗು ತಮಿಳು, ಮೇಸ್ತ್ರಿಯ ಹತ್ತಿರ ಹಿಂದಿ. ಮುಂದಿನ ಒಂದು ಗಂಟೆ ಅವನೇ ದುಭಾಷಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು, ಎದುರಿನವರ ಭಾಷೆಯಲ್ಲಿ ಯೋಚಿಸಬೇಕು ಎಂದು ಸಾಹೇಬರು ಹಿಂದಿಯಲ್ಲಿ ಹೇಳಿದ್ದನ್ನೆಲ್ಲ ಅವನು ಕನ್ನಡದಲ್ಲಿ ದಾಟಿಸುತ್ತಾನೆ. ಕೊನೆಗೆ ಅವನಿಗೆ 'ಭಾಗವಹಿಸಿದ್ದಕ್ಕೆ' ಪ್ರಮಾಣಪತ್ರ ಸಿಗುತ್ತದೆ. ಕಲಿಸಿದ್ದಕ್ಕೆ ಸಿಗುವ ಪ್ರಮಾಣಪತ್ರ ಸಾಹೇಬರಿಗೆ.

ಸಮಯಪಾಲನೆಯ ಪಾಠ ಮುಕ್ಕಾಲು ಗಂಟೆ ತಡ, ಬಸ್ಸು ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡಿದ್ದರಿಂದ. ಗ್ರಾಹಕರ ಜತೆ ವ್ಯವಹರಿಸುವುದು ಹೇಗೆ ಎಂಬ ಪಾಠವೂ ಇತ್ತು. ಅದನ್ನು ಕೇಳುತ್ತ ಕೂತ ಹುಡುಗ ಬೆಳಿಗ್ಗೆ ಅಪ್ಪನ ಇಡ್ಲಿ ಗಾಡಿಯಲ್ಲಿ ಚಟ್ನಿ ಕಟ್ಟಿ, ಸ್ಕ್ಯಾನ್ ಮಾಡಿದವರು ನಿಜಕ್ಕೂ ದುಡ್ಡು ಹಾಕಿದರೋ ಇಲ್ಲವೋ ಎಂದು ಸೌಂಡ್‌ಬಾಕ್ಸಿಗೆ ಕಿವಿಕೊಟ್ಟು, ಆಮೇಲೆ ಶಾಲೆಗೆ ಬಂದವನು. ಗಾಡಿ ನಿಲ್ಲುವುದು ಟೆಕ್ ಪಾರ್ಕಿನ ಗೇಟಿನಲ್ಲಿ. ಟೀ ಶರ್ಟಿನವರಲ್ಲಿ ಇಬ್ಬರು ಅವನಿಗೆ ಖಾಯಂ ಗಿರಾಕಿಗಳು, ಒಬ್ಬರದು ಬಾಕಿಯೂ ಇದೆ. ಕಾಯ್ದೆಯ ತಕರಾರಿಲ್ಲ ಬಿಡಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ, ಅಪಾಯದ ಕೆಲಸ ಅಲ್ಲದಿದ್ದರೆ, ಶಾಲೆಯ ಹೊತ್ತು ಬಿಟ್ಟು ಮನೆಯ ಕಸುಬಿಗೆ ಕೈಹಚ್ಚಲು 14ರೊಳಗಿನವರಿಗೂ ಅವಕಾಶ ಕೊಟ್ಟಿದೆ. ಉದ್ಯೋಗ ಜಗತ್ತಿಗೆ ಇವರನ್ನು ಸಿದ್ಧಗೊಳಿಸಲು ಪಾರ್ಲಿಮೆಂಟೇ ಮುಂದಾಗಿದೆ, ಪವರ್‌ಪಾಯಿಂಟ್ ಬಂದದ್ದು ತಡವಾಗಿ.

ಇನ್ನು, ಸಂಬಳ ಚೌಕಾಸಿ ಮಾಡುವ ಕಲೆ. "ನಿಮ್ಮ ಬೆಲೆ ನಿಮಗೆ ಗೊತ್ತಿರಬೇಕು, ಕಡಿಮೆಗೆ ಒಪ್ಪಿಕೊಳ್ಳಬೇಡಿ" ಎಂದು ಎಚ್ಆರ್ ಮೇಡಂ ಹೇಳುವಾಗ ಹಿಂದಿನ ಬಾಗಿಲಿಗೆ ಒರಗಿ ನಿಂತಿದ್ದವರು ವಿಜ್ಞಾನದ ಅತಿಥಿ ಶಿಕ್ಷಕಿ. ಎಂಎಸ್ಸಿ, ಬಿಎಡ್. ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು, ಅದೂ ಕಂತು ಬಂದಾಗ. ಬೇಸಿಗೆ ರಜೆಗೆ ಸಂಬಳವಿಲ್ಲ, ಜೂನ್‌ನಲ್ಲಿ ಮತ್ತೆ ಕರೆದರೆ ಬರಬೇಕು, ಕರೆಯದಿದ್ದರೆ ಇಲ್ಲ. ಅತಿಥಿ ಎಂದು ಕರೆದ ಮೇಲೆ ಊಟ ಹಾಕಿ ಕಳಿಸುವುದಷ್ಟೇ ನಮ್ಮ ಸಂಪ್ರದಾಯ, ಖಾಯಂ ಮಾಡಿಕೊಳ್ಳುವ ಪದ್ಧತಿ ಎಲ್ಲಿದೆ? ಗಿಗ್ ಆರ್ಥಿಕತೆ, ನಾಳೆಯ ಖಾತ್ರಿಯಿಲ್ಲದ ನೌಕರಿ ಇತ್ಯಾದಿ ಸ್ಲೈಡುಗಳು ಬಂದಾಗ ಆ ಮೇಡಂ ಮುಖದಲ್ಲಿ ಪಠ್ಯಪುಸ್ತಕ ಬರೆದವರ ಗಾಂಭೀರ್ಯವಿತ್ತು. ಅವರನ್ನು ಯಾರೂ ವೇದಿಕೆಗೆ ಕರೆಯಲಿಲ್ಲ.

ದುಡ್ಡಿಗೆ ದಾರಿ ಗೊತ್ತಿಲ್ಲ ಎಂದಲ್ಲ. ವಾರಕ್ಕೆ ಎರಡು ದಿನ ಸರ್ಕಾರ ಕೊಡುತ್ತಿದ್ದ ಮೊಟ್ಟೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ದುಡ್ಡಿನಿಂದ ಆರು ದಿನಕ್ಕೆ ಏರಿತು. ಮೊಟ್ಟೆ ಸುಲಿಯುವ ಕೌಶಲ್ಯ ಹೇಳಿಕೊಡಲು ಯಾರೂ ಬಸ್ಸು ಮಾಡಿಕೊಂಡು ಬರಲಿಲ್ಲ, ಮಕ್ಕಳು ಹೇಗೋ ತಿನ್ನುತ್ತಿದ್ದಾರೆ.

ನನಗೆ ಹೆದರಿಕೆ ಇರುವುದು ಕಾನೂನಿನ ಕಡೆಯಿಂದ. ಕಂಪನಿಯ ಸ್ವಂತ ನೌಕರರಿಗೆ ಲಾಭವಾಗುವ ಚಟುವಟಿಕೆ ಸಿಎಸ್‌ಆರ್ ಅಲ್ಲವೇ ಅಲ್ಲ ಎಂದು ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ನೌಕರರು ಬಿಟ್ಟಿ ದುಡಿದ ಗಂಟೆಗಳಿಗೆ ಬೆಲೆ ಕಟ್ಟಿ ಖರ್ಚಿನಲ್ಲಿ ತೋರಿಸುವಂತಿಲ್ಲ ಎಂದು ಕೇಂದ್ರದ ಕಾರ್ಪೊರೇಟ್ ಸಚಿವಾಲಯ 2021ರಲ್ಲಿ ವಿವರಣೆಯನ್ನೂ ಕೊಟ್ಟಿದೆ. ಈಗ ಆ ಶುಕ್ರವಾರದ ಲಾಭ ಲೆಕ್ಕ ಹಾಕಿ. ನೌಕರರಿಗೆ ದಿನಬೆಳಗಾದರೆ ನಡೆಯುವ ಸ್ಟ್ಯಾಂಡಪ್ ಮೀಟಿಂಗ್ ಒಂದು ದಿನ ಇಲ್ಲ, ಅಪ್ರೈಸಲ್ ಫಾರಂನಲ್ಲಿ ಒಂದು ಖಾನೆ ತುಂಬಿತು, ಲಿಂಕ್ಡ್‌ಇನ್‌ಗೆ ಮಕ್ಕಳ ನಡುವೆ ಮೊಣಕಾಲೂರಿದ ಫೋಟೊ, ಅದರ ಕೆಳಗೆ "ಕಲಿಸಲು ಹೋಗಿ ಕಲಿತು ಬಂದೆ" ಎಂಬ ಹೇಳಿಕೆ. ಕೊನೆಯದು ಲಿಖಿತ ತಪ್ಪೊಪ್ಪಿಗೆ! ಯಾರಾದರೂ ಆಡಿಟರ್ ಓದಿದರೆ ಗತಿಯೇನು? ಮಕ್ಕಳ ಪಾಲಿಗೆ ಬಂದದ್ದು ತಲಾ ಒಂದು ಪೆನ್ನು, ಒಂದು ಜ್ಯೂಸ್ ಪ್ಯಾಕೆಟ್ಟು ಮತ್ತು ಕಳೆದ ವರ್ಷ ಬೇರೆ ಕಂಪನಿ ಬಳಿದ ಸೂರ್ಯಕಾಂತಿಯ ಮೇಲೆ ಬಳಿದ ಹೊಸ ರಾಕೆಟ್ಟು. ಗೋಡೆಗೆ ಬಣ್ಣ ಎಷ್ಟು ಪದರ ಆಗಿದೆಯೆಂದರೆ ಮಳೆಗಾಲದಲ್ಲಿ ಸೋರುವ ನೀರು ಈಗ ಕಿಟಕಿ ಕಡೆಯಿಂದಲೇ ಬರಬೇಕು.

ಆದ್ದರಿಂದ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರು ಈ ಸಲ ವ್ಯವಹಾರವನ್ನು ನೇರ ಮಾಡಿದ್ದಾರೆ ಎಂದು ನಾನು ಕಲ್ಪಿಸಿಕೊಂಡಿದ್ದೇನೆ. ಮುಂದಿನ ಬಸ್ಸು ಗೇಟಿಗೆ ಬಂದಾಗ ಒಂದು ದರಪಟ್ಟಿ ಕೈಗಿಡುವುದು. ಕಂಪನಿ ನೌಕರರಿಗೆ ಸಾಮಾನ್ಯ ಜ್ಞಾನ ತರಬೇತಿ, ತಲೆಗೆ 2,000 ರೂಪಾಯಿ. ದುಭಾಷಿ ಸೇವೆ, ಗಂಟೆಗೆ 1,500. ಅನಿಶ್ಚಿತ ಉದ್ಯೋಗ ಕುರಿತು ಅತಿಥಿ ಶಿಕ್ಷಕಿಯವರ ವಿಶೇಷ ಉಪನ್ಯಾಸ, ಅವರ ಒಂದು ತಿಂಗಳ ಸಂಬಳದಷ್ಟು. ಮಕ್ಕಳ ಜತೆ ಫೋಟೊ ಇಲ್ಲ, ಗೋಡೆ ಜತೆ ತೆಗೆಸಿಕೊಳ್ಳಬಹುದು. ಶೌಚಾಲಯದ ಮೋಟರ್ ರಿಪೇರಿ ಮಾಡಿಸಿಕೊಟ್ಟವರಿಗೆ ಎಲ್ಲ ಸೇವೆಯೂ ಉಚಿತ. ಮಾರ್ಚ್‌ನಲ್ಲಿ ಬರುವವರಿಗೆ ದುಪ್ಪಟ್ಟು ದರ, ಜಿಎಸ್‌ಟಿ ಪ್ರತ್ಯೇಕ, ಇಡ್ಲಿ ಬಾಕಿ ಮೊದಲು ತೀರಿಸತಕ್ಕದ್ದು.