ಕುರ್ಚಿ ಬಾಡಿಗೆ ಯಾರು ಕೊಡ್ತಾರೆ?

ಅರವತ್ತು ಪ್ಲಾಸ್ಟಿಕ್ ಕುರ್ಚಿ ಒಂದೇ ಜೀಪಿಗೆ ಹಿಡಿಯುತ್ತವೆ. ಹಿಂದಿನ ಟಾರ್ಪಾಲು ಬಿಚ್ಚಿ, ಹದಿನೈದರಂತೆ ನಾಲ್ಕು ಅಟ್ಟಿ ಮಾಡಿ, ಹಗ್ಗ ಬಿಗಿದರೆ ಆಯಿತು. ಕಳೆದ ತಿಂಗಳು ಶಾಮಿಯಾನದ ಅಂಗಡಿಯಿಂದ ಹಾಗೆ ಹೇರಿಕೊಂಡು ನಮ್ಮ ಚಿಕ್ಕಮಗಳೂರಿನ ಮಲ್ಲಂದೂರು ರಸ್ತೆ ಕಡೆಯ ಒಂದು ಹೋಂಸ್ಟೇಗೆ ಹೋದೆ. ಅಲ್ಲಿ ಒಂದು ಪಕ್ಷದವರು ಆತ್ಮಾವಲೋಕನ ಮಾಡಿಕೊಳ್ಳುವವರಿದ್ದರು. ಚುನಾವಣೆ ಸೋತಿತ್ತು. ತಾಲ್ಲೂಕು ಅಧ್ಯಕ್ಷರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟಿದ್ದರು. ಹೊಸ ನಾಯಕರು ಬೇಕಾಗಿತ್ತು. ನನ್ನ ಹತ್ತಿರ ಜೀಪಿತ್ತು.

ಯಾವ ಪಕ್ಷ ಅಂತ ಕೇಳಬೇಡಿ. ಗೆದ್ದಾಗ ಒಂದೊಂದು ಪಕ್ಷಕ್ಕೆ ಒಂದೊಂದು ಬಣ್ಣ. ಸೋತ ಮೇಲೆ ಎಲ್ಲದಕ್ಕೂ ಆಷಾಢದಲ್ಲಿ ಒಣಗದ ಬಟ್ಟೆಯ ವಾಸನೆ.

ಪಕ್ಷದ ಕಚೇರಿ ಬಿಟ್ಟು ಹೋಂಸ್ಟೇ ಯಾಕೆ ಅಂತ ಕೇಳಿದ್ದಕ್ಕೆ, "ಆಫೀಸಲ್ಲಿ ಸಿಗ್ನಲ್ ಜಾಸ್ತಿ ಮಾರಾಯ, ಎಲ್ಲರೂ ಫೋನ್ ನೋಡ್ತಾರೆ. ಆತ್ಮ ನೋಡಬೇಕಂದ್ರೆ ಸಿಗ್ನಲ್ ಇರಬಾರದು" ಅಂದರು ಒಬ್ಬರು. ಆತ್ಮದ ಜೊತೆ ಅಕ್ಕಿ ರೊಟ್ಟಿ, ಕೋಳಿ ಸಾರು, ಸಂಜೆಗೆ ಕ್ಯಾಂಪ್ ಫೈರೂ ಪ್ಯಾಕೇಜಿನಲ್ಲೇ ಇತ್ತು.

ಪಕ್ಷದ ಮೇಲಿನವರು ಕಳಿಸಿದ, ಹತ್ತು ಗಂಟೆಗೆ ಬರಬೇಕಾಗಿದ್ದ ವೀಕ್ಷಕರು ಒಂದು ಗಂಟೆಗೆ ಬಂದರು. ದಾರಿಯಲ್ಲಿ ಬೇಲೂರು ಸಿಕ್ಕಿತಂತೆ. ಚೆನ್ನಕೇಶವನ ದರ್ಶನ ಮಾಡಿಕೊಂಡು, ಗೈಡ್ ಹೇಳಿದ್ದನ್ನೆಲ್ಲ ಕೇಳಿಕೊಂಡು ಬಂದಿದ್ದರು. ಆ ಗುಡಿ ಕಟ್ಟುವುದಕ್ಕೆ 103 ವರ್ಷ ಹಿಡಿಯಿತು ಅಂತ ಅಲ್ಲಿನ ಗೈಡುಗಳು ಹೇಳುತ್ತಾರಲ್ವಾ, ಅದು ಅವರಿಗೆ ತುಂಬಾ ಹಿಡಿಸಿತ್ತು. ಅಂಥ ಕೆಲಸಕ್ಕೆ ಅವಸರ ಮಾಡಬಾರದು ಅಂತ ಭಾಷಣದಲ್ಲಿ ಎರಡು ಸಲ ಹೇಳಿದರು.

ಮೊದಲು ಸೋಲಿನ ಕಾರಣಗಳು. ಒಬ್ಬರು ಮಳೆ ಅಂದರು. ಒಬ್ಬರು ಕಾಡಾನೆ ಅಂದರು, ಆನೆಗೆ ಹೆದರಿ ನಮ್ಮ ಮತದಾರರು ಮನೆಯಿಂದ ಹೊರಗೇ ಬರಲಿಲ್ಲವಂತೆ. ಎದುರು ಪಾರ್ಟಿಯ ಮತದಾರರಿಗೆ ಆನೆ ಯಾಕೆ ಅಡ್ಡ ಬರಲಿಲ್ಲ ಅಂತ ಯಾರೂ ಕೇಳಲಿಲ್ಲ. ಇನ್ನೊಬ್ಬರು ದುಡ್ಡು ಬೂತಿಗೆ ತಲುಪಲಿಲ್ಲ ಅಂದರು. "ತಲುಪಿಸೋಕೆ ಹೇಳಿದ್ದು ನಿಮಗೇ ಅಲ್ವಾ ಗೌಡ್ರೆ?" ಅಂತ ಹಿಂದಿನ ಸಾಲಿಂದ ಯಾರೋ ಕೂಗಿದರು. ಆಗ ಒಂದು ಕುರ್ಚಿ ಬಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಕೊನೆಗೆ ಎಲ್ಲರೂ ಒಪ್ಪಿದ ಕಾರಣ ಒಳಏಟು. ಇದು ನಮ್ಮ ಕಾಫಿಯ ಬೋರರ್ ಇದ್ದ ಹಾಗೆ. ಹೊರಗಿನಿಂದ ಗಿಡ ಸರಿಯಾಗೇ ಕಾಣುತ್ತೆ, ಒಳಗೆ ಹುಳು ಕಾಂಡ ಕೊರೆದು ಮುಗಿಸಿರುತ್ತೆ. ತೋಟದಲ್ಲಾದರೆ ಅಂಥ ಗಿಡ ಕಿತ್ತು ಸುಡುತ್ತೇವೆ. ಇಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದ್ದರು.

ಊಟ ಆದ ಮೇಲೆ ಅಭಿಪ್ರಾಯ ಸಂಗ್ರಹ. ವೀಕ್ಷಕರು ಒಂದು ರೂಮಿನಲ್ಲಿ ಕೂತರು, ಒಬ್ಬೊಬ್ಬರನ್ನೇ ಒಳಗೆ ಕರೆದರು. ಒಳಗೆ ಹೋಗುವಾಗ ಎಲ್ಲರೂ ನಮಗೆ ಕೇಳುವ ಹಾಗೆ "ನಾನಂತೂ ಆಕಾಂಕ್ಷಿ ಅಲ್ಲಪ್ಪ" ಅನ್ನುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಏನು ಹೇಳಿದರೋ ಗೊತ್ತಿಲ್ಲ, ಒಬ್ಬೊಬ್ಬರು ಇಪ್ಪತ್ತು ನಿಮಿಷ ತಗೊಂಡರು. ಆಕಾಂಕ್ಷಿ ಅಲ್ಲ ಅನ್ನೋಕೆ ಅಷ್ಟು ಹೊತ್ತು ಬೇಕಾ? ಹನ್ನೊಂದು ಜನ ಆಕಾಂಕ್ಷಿ ಅಲ್ಲದವರಲ್ಲಿ ಒಂಬತ್ತು ಜನ ಬಯೋಡೇಟಾ ತಂದಿದ್ದರು.

ನಡುವೆ ಕಾಫಿ ಕೊಡಲು ನಾನೂ ಒಂದು ಸಲ ಒಳಗೆ ಹೋದೆ. ವೀಕ್ಷಕರು ತಲೆ ಆಡಿಸುತ್ತಾ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕಪ್ ಇಡುವಾಗ ಕಣ್ಣಿಗೆ ಬಿತ್ತು. ಕಾಫಿ ಪುಡಿ ಎರಡು ಕೆ.ಜಿ., ಚಿಕೋರಿ ಬೇಡ. ಕಾಳುಮೆಣಸು ಒಂದು ಕೆ.ಜಿ. ಜೇನುತುಪ್ಪ, ಎದುರಿಗೆ ಪ್ರಶ್ನಾರ್ಥಕ ಚಿಹ್ನೆ.

ಸಂಜೆ ನಿರ್ಣಯ ಆಯಿತು. ಹೊಸ ಅಧ್ಯಕ್ಷರ ಆಯ್ಕೆಯನ್ನು ಹೈಕಮಾಂಡಿಗೆ ಬಿಟ್ಟಿದ್ದೇವೆ ಅಂತ ಒಂದೇ ಸಾಲು. ಅದನ್ನು ಬೆಳಿಗ್ಗೆಯೇ ಟೈಪ್ ಮಾಡಿಸಿ ತಂದಿದ್ದರು, ನನ್ನ ಜೀಪಿನ ಡ್ಯಾಶ್‌ಬೋರ್ಡಿನಲ್ಲೇ ಇತ್ತು.

ಇದು ಬರೀ ನಮ್ಮ ತಾಲ್ಲೂಕಿನ ಕಥೆ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ರಾಜ್ಯದಲ್ಲೂ ಇದೇ ನಾಟಕ, ಕುರ್ಚಿ ಮಾತ್ರ ಫೈಬರ್ ಬದಲು ಮೆತ್ತೆಯದ್ದು. 2023ರ ಮೇ 13ಕ್ಕೆ ವಿಧಾನಸಭೆ ಫಲಿತಾಂಶ ಬಂತು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಕಾಂಗ್ರೆಸ್ಸಿಗೆ. ಆಗ ತೋಟದಲ್ಲಿ ಅರೇಬಿಕಾ ಹೂ ಮುಗಿದು ಕಾಯಿ ಕಟ್ಟುವ ಸಮಯ. ವಿರೋಧ ಪಕ್ಷದ ನಾಯಕ ಯಾರು ಅಂತ ಬಿಜೆಪಿ ಹುಡುಕಲು ಶುರು ಮಾಡಿತು. ಜುಲೈ ಬಂತು, ವೀಕ್ಷಕರೂ ಬಂದರು, ಶಾಸಕರನ್ನು ಕೇಳಿದರು, ಹೋದರು. ಜುಲೈ 7ಕ್ಕೆ ಸಿದ್ದರಾಮಯ್ಯ ಬಜೆಟ್ ಓದಿದರು, ಎದುರಿಗೆ ವಿರೋಧ ಪಕ್ಷ ಇತ್ತು, ಅದಕ್ಕೆ ನಾಯಕ ಇರಲಿಲ್ಲ. ಆಗಸ್ಟಿನಲ್ಲಿ ನಾವು ಮಳೆಗೆ ಉದುರಿದ ಕಾಯಿ ಲೆಕ್ಕ ಹಾಕಿದೆವು. ನಾಯಕ ಇಲ್ಲ. ಗೌರಿ ಹಬ್ಬ ಆಯಿತು, ದಸರಾ ಆಯಿತು, ದೀಪಾವಳಿಗೆ ದೇವೀರಮ್ಮನ ಬೆಟ್ಟವನ್ನೂ ಜನ ಹತ್ತಿ ಇಳಿದರು. ನವೆಂಬರ್ 17ಕ್ಕೆ ಆರ್. ಅಶೋಕ ಅವರ ಹೆಸರು ಹೊರಗೆ ಬರುವಷ್ಟರಲ್ಲಿ ನಮ್ಮ ಗಿಡದಲ್ಲಿ ಹಣ್ಣು ಕೆಂಪಾಗಿ ಫ್ಲೈ ಪಿಕ್ಕಿಂಗಿಗೆ, ಅಂದರೆ ಮೊದಲು ಹಣ್ಣಾದದ್ದನ್ನು ಆರಿಸಿ ಕೊಯ್ಯೋದಕ್ಕೆ, ಬಂದಿತ್ತು. ಒಟ್ಟು 188 ದಿನ. ಕಾಫಿ ಕಾಯಿಗಾದರೂ ಬಿಸಿಲು, ಮಳೆ, ಗೊಬ್ಬರ ಬೇಕು, ಅದಕ್ಕೆ ಟೈಮ್ ಹಿಡಿಯುತ್ತೆ. ಅಶೋಕ ಅವರು ಮೇ ತಿಂಗಳಲ್ಲೇ ಹಣ್ಣಾಗಿದ್ದ ಹಳೇ ಶಾಸಕರು.

ಅದಕ್ಕೆ ಒಂದು ವಾರ ಮೊದಲು ರಾಜ್ಯಾಧ್ಯಕ್ಷರನ್ನೂ ಹುಡುಕಿದ್ದರು. ಸಿಕ್ಕಿದ್ದು ಬಿ.ವೈ. ವಿಜಯೇಂದ್ರ, ಯಡಿಯೂರಪ್ಪನವರ ಮಗ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲಾ ಹುಡುಕಿದರು ಅಂತಾರಲ್ಲ, ಆ ಗಾದೆಯನ್ನು ಇಷ್ಟು ಅಕ್ಷರಶಃ ಯಾರೂ ಪಾಲಿಸಿರಲಿಲ್ಲ.

ಕಾಂಗ್ರೆಸ್ಸಿನವರು ನಗಬೇಕಾಗಿಲ್ಲ. 2019ರ ಲೋಕಸಭೆ ಸೋತ ಮೇಲೆ ರಾಹುಲ್ ಗಾಂಧಿ ರಾಜೀನಾಮೆ ಕೊಟ್ಟರು. ಮನೆಯವರು ಬೇಡ, ಹೊರಗಿನವರನ್ನು ಹುಡುಕೋಣ ಅಂತ ಮಾತಾಯಿತು. ಆಗಸ್ಟಿನಲ್ಲಿ ಹಂಗಾಮಿ ಅಧ್ಯಕ್ಷರಾಗಿ ಬಂದದ್ದು ಸೋನಿಯಾ ಗಾಂಧಿ. ಆ ಹಂಗಾಮು ಮೂರು ವರ್ಷ ನಡೆಯಿತು. ಮೂರು ವರ್ಷ ಅಂದರೆ ಕಾಫಿ ಸಸಿ ನೆಟ್ಟರೆ ಮೊದಲ ಫಸಲು ಕಣ್ಣಿಗೆ ಕಾಣುವ ಹೊತ್ತು. 2022ರ ಅಕ್ಟೋಬರಿನಲ್ಲಿ ಚುನಾವಣೆಯೇ ಮಾಡಿದರು ಅನ್ನಿ, ನಮ್ಮ ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072. ಫಲಿತಾಂಶ ಏನಾಗುತ್ತೆ ಅಂತ ನಮ್ಮ ತೋಟದ ನಾಯಿಗೂ ಗೊತ್ತಿತ್ತು. ಆದರೂ ಪೆಟ್ಟಿಗೆ ಇಟ್ಟು ಎಣಿಸಿದರಲ್ಲ, ಅದು ದೊಡ್ಡದೇ.

ಪಕ್ಕದ ಹಾಸನದವರಿಗೆ ಈ ತಾಪತ್ರಯ ಇಲ್ಲ. ಜೆಡಿಎಸ್‌ಗೆ ತಂದೆ ರಾಷ್ಟ್ರಾಧ್ಯಕ್ಷರು. 2023ರಲ್ಲಿ ಸೋತ ಮೇಲೆ ಅಕ್ಟೋಬರಿನಲ್ಲಿ ಮಗ ರಾಜ್ಯಾಧ್ಯಕ್ಷರಾದರು. ವೀಕ್ಷಕರ ಖರ್ಚಿಲ್ಲ, ಹೋಂಸ್ಟೇ ಬಾಡಿಗೆ ಇಲ್ಲ. ಮುದ್ದೆ ಊಟಕ್ಕೆ ಕೂತರೆ ಕೋರಂ ಆಯಿತು.

ನಿಜ ಹೇಳಬೇಕೆಂದರೆ, ಸೋತವರು ಏನು ಮಾಡಬೇಕು ಅಂತ ದೇಶಕ್ಕೆ ತೋರಿಸಿದ್ದೇ ನಮ್ಮೂರು. 1977ರಲ್ಲಿ ರಾಯಬರೇಲಿಯಲ್ಲಿ ಸೋತ ಇಂದಿರಾ ಗಾಂಧಿ ಆತ್ಮಾವಲೋಕನ ಸಭೆ ಕರೆಯುತ್ತಾ ಕೂರಲಿಲ್ಲ. ಮಾರನೇ ವರ್ಷ ಜನವರಿಯಲ್ಲಿ ಪಕ್ಷವನ್ನೇ ಒಡೆದು, ತಮ್ಮದೇ ಕಾಂಗ್ರೆಸ್ ಮಾಡಿಕೊಂಡು, ತಾವೇ ಅಧ್ಯಕ್ಷರಾದರು. ಆಕಾಂಕ್ಷಿ ಹೌದೋ ಅಲ್ಲವೋ ಅನ್ನೋ ಪ್ರಶ್ನೆಯೇ ಇಲ್ಲ. ನವೆಂಬರಿನಲ್ಲಿ ಇಲ್ಲಿಗೆ ಬಂದು ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ಐ.ಜಿ. ರಸ್ತೆಯಲ್ಲಿ ದಿನಾ ಓಡಾಡುವ ಹುಡುಗರಿಗೆ ಆ ಎರಡು ಅಕ್ಷರ ಯಾರದ್ದು ಅಂತಲೂ ಗೊತ್ತಿಲ್ಲ, ಬಿಡಿ. ನನಗೆ ಅದಕ್ಕಿಂತ ಜಾಸ್ತಿ ನೆನಪಾಗುವುದು ಡಿ.ಬಿ. ಚಂದ್ರೇಗೌಡರು. ತಾವು ಗೆದ್ದಿದ್ದ ಇದೇ ಸೀಟನ್ನು ಇಂದಿರಾ ಅವರಿಗೆ ಬಿಟ್ಟುಕೊಟ್ಟ ಮನುಷ್ಯ. ಅವರು ತೀರಿಕೊಂಡದ್ದು 2023ರ ನವೆಂಬರ್ ಮೊದಲ ವಾರ, ಬೆಂಗಳೂರಿನಲ್ಲಿ ಕುರ್ಚಿ ಹುಡುಕಾಟ ಜೋರಾಗಿ ನಡೆಯುತ್ತಿದ್ದಾಗ.

ಮೊನ್ನೆ ನಮ್ಮ ತೋಟದ ಆಳುಗಳ ಮೇಸ್ತ್ರಿ ಬಿದ್ದು ಕಾಲು ಮುರಿದುಕೊಂಡ. ಹಣ್ಣು ಕೊಯ್ಲು ನಿಲ್ಲುವಂತಿಲ್ಲ. ಹೆಂಗಸರು ಬೆಳಿಗ್ಗೆ ಗಂಜಿ ಕುಡಿಯುತ್ತಾ ಹತ್ತು ನಿಮಿಷ ಮಾತಾಡಿಕೊಂಡು, "ಈ ಅಕ್ಕನೇ ಇರ್ಲಿ ಬಿಡಿ, ಲೆಕ್ಕ ತಪ್ಪಲ್ಲ" ಅಂದರು. ಆ ಅಕ್ಕ "ನಂಗೆ ದಿನಕ್ಕೆ ಐವತ್ತು ರೂಪಾಯಿ ಜಾಸ್ತಿ ಕೊಡ್ಬೇಕು" ಅಂದಳು. ಕೊಟ್ಟೆ. ಅವಳು ಆಕಾಂಕ್ಷಿ.

ಇತ್ತ ನನ್ನದೊಂದು ಸಮಸ್ಯೆ ಹಾಗೇ ಉಳಿದಿದೆ. ಅವತ್ತು ಬಿದ್ದ ಕುರ್ಚಿಯ ಕಾಲು ಮುರಿದಿತ್ತು. ಶಾಮಿಯಾನದವನು ಅರವತ್ತು ಕುರ್ಚಿ ಬಾಡಿಗೆ ಜೊತೆ ಅದರ ದುಡ್ಡನ್ನೂ ಸೇರಿಸಿ ಬಿಲ್ ಕೊಟ್ಟ. ಹಳೇ ಅಧ್ಯಕ್ಷರ ಮನೆಗೆ ತಗೊಂಡು ಹೋದೆ. ಕೂರಿಸಿ ಕಾಫಿ ಕೊಟ್ಟರು. ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನೋಡಪ್ಪ, ನಾನು ಸೋಲಿನ ನೈತಿಕ ಹೊಣೆ ಹೊತ್ತಿದ್ದೀನಿ. ಕುರ್ಚಿ ಬಾಡಿಗೆ ಹೊತ್ತಿಲ್ಲ. ಹೊಸ ಅಧ್ಯಕ್ಷರು ಬರಲಿ, ಅವರ ಹತ್ರ ಇಸ್ಕೋ."

"ಯಾವಾಗ ಬರ್ತಾರೆ ಅಣ್ಣ?"

"ಲಿಸ್ಟ್ ಮೇಲೆ ಹೋಗಿದೆ."

ವೀಕ್ಷಕರಿಗೆ ಫೋನ್ ಮಾಡಿದೆ. ಪರಿಚಯ ಹಿಡಿದರು, ಖುಷಿಯಿಂದಲೇ ಮಾತಾಡಿದರು. ಕಾಫಿ ಪುಡಿ ಚೆನ್ನಾಗಿತ್ತಂತೆ, ಇನ್ನೆರಡು ಕೆ.ಜಿ. ಕಳಿಸೋಕಾಗುತ್ತಾ ಅಂತ ಕೇಳಿದರು.