ನೀವು ಮಾಡಿದ್ರೆ ಹೋರ್ಡಿಂಗ್, ನಾನು ಮಾಡಿದ್ರೆ ಸ್ಟಾಕು

ಇಂಗ್ಲಿಷಲ್ಲಿ ಹೋರ್ಡ್ ಅಂತ ಒಂದು ಪದ ಇದೆ, ಕೂಡಿಡೋದು ಅಂತ ಅರ್ಥ, ಬರೀ ಕೂಡಿಡೋದಲ್ಲ, ಬಚ್ಚಿಟ್ಟು ಕೂಡಿಡೋದು. ಹಳೇ ಇಂಗ್ಲಿಷಲ್ಲಿ ನಿಧಿ, ಭಂಡಾರ ಅನ್ನೋ ಮರ್ಯಾದಸ್ಥ ಪದ ಅದು. ನೆಲದೊಳಗಿದ್ರೆ ಈಗ್ಲೂ ಆ ಮರ್ಯಾದೆ ಹಾಗೇ ಇದೆ. 2009ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಲ್ಲಿ ಒಬ್ರು ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಹೊಲ ಸುತ್ತುವಾಗ ಸುಮಾರು 4 ಕೆಜಿ ಚಿನ್ನ ಸಿಕ್ತು, ಬಹುಪಾಲು ಕತ್ತಿಗಳಿಂದ ಕಿತ್ತಿದ್ದ ಚೂರುಪಾರು, ಮುರಿದಿದ್ದು, ಸೊಟ್ಟಗಾಗಿದ್ದು. ಸ್ಟಾಫರ್ಡ್‌ಶೈರ್ ಹೋರ್ಡ್ ಅಂತ ನಾಮಕರಣ ಮಾಡಿ ಮ್ಯೂಸಿಯಂನಲ್ಲಿಟ್ರು.

ನನ್ನ ಡ್ರಾಯರಲ್ಲೂ ಚೂರುಪಾರೇ ಇರೋದು. ಅರ್ಧಕ್ಕೆ ಸಿಕ್ಕಾಕ್ಕೊಳತ್ತೆ, ಸಂದಿಯಲ್ಲಿ ಕೈ ತೂರಿಸಿದ್ರೆ ಸತ್ತೋದ ಫೋನುಗಳ ಮೂರು ಚಾರ್ಜರು, ರೀಫಿಲ್ ಇಲ್ದಿರೋ ಪೆನ್ನು, ಯಾವ ಬೀಗದ್ದು ಅಂತ ದೇವರಿಗೂ ಗೊತ್ತಿಲ್ದಿರೋ ಒಂದು ಕೀ. ಇದಕ್ಕೆ ಯಾರೂ ಗಾಜಿನ ಪೆಟ್ಟಿಗೆ ಕೊಡಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡೀಲಿ ಹೋರ್ಡಿಂಗ್ ಡಿಸಾರ್ಡರ್ ಅಂತ ಬೇರೇನೇ ಕಾಯಿಲೆ ಸೇರಿಸಿದ್ರು ನೋಡಿ (ನಿಜವಾಗ್ಲೂ ನರಳೋರ ಪಾಡು ತಮಾಷೆ ಅಲ್ಲ), ಅವತ್ತಿಂದ ಎರಡು ಹಳೇ ಡಬ್ಬ ಇಟ್ಕೊಂಡೋರಿಗೆಲ್ಲ ಮನೆಯವರೇ ಡಾಕ್ಟ್ರು.

2020ರಲ್ಲಿ ಕೊರೊನಾ ಬಂದಾಗ ಎಷ್ಟೋ ದೇಶದಲ್ಲಿ ಟಾಯ್ಲೆಟ್ ಪೇಪರ್ ಶೆಲ್ಫು ಖಾಲಿ ಆಯ್ತಲ್ಲ, ಆಗಂತೂ ಈ ಪದಕ್ಕೆ ಕೈತುಂಬಾ ಕೆಲಸ. ಮುಂದೆ ನಿಂತೋನ ಗಾಡೀಲಿ ನಾಲ್ಕು ಪ್ಯಾಕ್ ಇದ್ರೆ ಹೋರ್ಡರ್, ನಮ್ಮ ಗಾಡೀಲಿ ಆರಿದ್ರೆ ಮುಂಜಾಗ್ರತೆ.

ಇದು ಸಾಲದು ಅಂತ ರಸ್ತೆ ಬದಿ ಜಾಹೀರಾತು ಬೋರ್ಡಿಗೂ ಹೋರ್ಡಿಂಗ್ ಅಂತೀವಿ. ಎರಡಕ್ಕೂ ಮೂಲದಲ್ಲಿ ಸಂಬಂಧಾನೇ ಇಲ್ಲ, ಇದು ಕಟ್ಟಡ ಕಟ್ಟೋ ಕಡೆ ಸುತ್ತ ನಿಲ್ಲಿಸೋ ಹಲಗೆ ಬೇಲಿಯ ಹೆಸರು, ಅದರ ಮೇಲೆ ಪೋಸ್ಟರ್ ಅಂಟಿಸಿ ಅಂಟಿಸಿ ಬೋರ್ಡಿಗೇ ಆ ಹೆಸರು ಬಂತು. ಆದ್ರೂ ಜೋಡಿ ಎಂಥಾ ಚೆನ್ನಾಗಿದೆ, ಒಂದು ಹೋರ್ಡಿಂಗು ಕೊಳ್ಳಿ ಕೊಳ್ಳಿ ಅಂತ ಕಿರುಚತ್ತೆ, ಅದರ ಮಾತು ಕೇಳಿದ್ರೆ ಮನೇಲಿ ಇನ್ನೊಂದು ಹೋರ್ಡಿಂಗು!

ಇನ್ನು ಹತ್ತು ತಲೆಮಾರು ಕೂತು ತಿಂದ್ರೂ ಕರಗದಷ್ಟು ದುಡ್ಡು ಗುಡ್ಡೆ ಹಾಕ್ಕೊಂಡೋರು? ಅವ್ರಿಗೆ ಈ ಪದ ಹತ್ತಿರಾನೂ ಸುಳಿಯಲ್ಲ. ಅವ್ರು ಅಮ್ಯಾಸ್ ಮಾಡ್ತಾರೆ, ಅಕ್ಯುಮ್ಯುಲೇಟ್ ಮಾಡ್ತಾರೆ (ಅದೂ ಕೂಡಿಡೋದೇ, ಇಂಗ್ಲಿಷಲ್ಲಿ ಮರ್ಯಾದೆ ಜಾಸ್ತಿ ಅಷ್ಟೆ), ವರ್ಷವರ್ಷ ಮ್ಯಾಗಜಿನ್‌ನೋರು ಯಾರ ಗುಡ್ಡೆ ಎತ್ತರ ಅಂತ ಅಳೆದು ಪಟ್ಟಿ ಹಾಕ್ತಾರೆ. ಅವ್ರಿಗೆ ಯಾವ ಮನೆಯವ್ರೂ ಡಾಕ್ಟ್ರಾಗಲ್ಲ.

ಇಷ್ಟು ಬರೆದ ಮೇಲೆ ನಾಚಿಕೆ ಆಗಿ ಆ ಕೀನಾದ್ರೂ ಬಿಸಾಕೋಣ ಅಂತ ಎದ್ದೆ, ಕಸದ ಬುಟ್ಟಿ ತನಕ ಹೋದೆ ಕೂಡ. ಎಲ್ಲೋ ಒಂದು ಬೀಗ ಇರ್ಬೇಕಲ್ವಾ ಅನ್ನಿಸ್ತು. ವಾಪಸ್ ಇಟ್ಟಿದೀನಿ, ಈಗ ಡ್ರಾಯರ್ ಮುಚ್ತಾ ಇಲ್ಲ.