ಜನರಿಗೆ ಅರಿವಿಲ್ಲ ಎನ್ನುವುದನ್ನು ಮೊದಲು ನಿಲ್ಲಿಸಿ

ಕ್ಷಯರೋಗದ ಬಗ್ಗೆ ಇಲ್ಲೇ ತುಮಕೂರಿನಲ್ಲಿ ನಡೆದ ಒಂದು ಸಭೆಯಿಂದ ಈಗಷ್ಟೇ ಬಂದೆ. ಮೈಕ್ ಹಿಡಿದವರೆಲ್ಲ ಹೇಳಿದ್ದು ಒಂದೇ. ಹಳ್ಳಿ ಜನರಿಗೆ ಅರಿವಿಲ್ಲ, ಎಷ್ಟು ಕೆಮ್ಮಿದರೂ ಆಸ್ಪತ್ರೆ ಕಡೆ ಬರುವುದಿಲ್ಲ ಅಂತ. ಬೇರೆ ಊರಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ತುಮಕೂರಿನಲ್ಲೇ ನಿಂತು ಹೇಳಿದರಲ್ಲ, ಅದಕ್ಕೆ ಸಿಟ್ಟು ನೆತ್ತಿಗೇರಿದೆ.

ಯಾಕೆಂದರೆ ಈ ಮಾತು ಸುಳ್ಳು ಎಂದು ತೋರಿಸಿಕೊಟ್ಟಿದ್ದೇ ನಮ್ಮ ಜಿಲ್ಲೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದು 1959ರಲ್ಲಿ. ಅಲ್ಲಿಯವರು ತುಮಕೂರಿನ ಹಳ್ಳಿಗಳಿಗೆ ಬಂದು, ಎಕ್ಸ್‌-ರೇ ತೆಗೆದು, ಕಫ ಪರೀಕ್ಷೆ ಮಾಡಿ ರೋಗಿಗಳನ್ನು ಹುಡುಕಿದರು. ಅದರ ಬೆನ್ನಿಗೇ ಅದೇ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ಅಧ್ಯಯನ ನಡೆಯಿತು. 34 ಹಳ್ಳಿ ಮತ್ತು ಪಟ್ಟಣದ ಕೆಲವು ಭಾಗಗಳಲ್ಲಿ ರೋಗಿಗಳನ್ನು ಮಾತಾಡಿಸಿದರು. ಮೈಗೆ ಏನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿದರು.

1963ರಲ್ಲಿ ಪ್ರಕಟವಾದ ಉತ್ತರ ಏನು ಗೊತ್ತಾ? ಕಫದಲ್ಲಿ ರೋಗಾಣು ಸಿಕ್ಕವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ! ಜನ ಬಾಗಿಲಿಗೇ ಬಂದಿದ್ದರು. ಒಳಗಿದ್ದವರು ನೋಡಲಿಲ್ಲ, ಅಷ್ಟೇ.

ಈ ಸಂಸ್ಥೆಯ ಕೆಲಸದ ಮೇಲೆಯೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತಿತು. ಕ್ಷಯರೋಗಿಗಳಿಗೆಂದೇ ಇರುವ ದೊಡ್ಡ ಆಸ್ಪತ್ರೆಗೆ, ಅಂದರೆ ಸ್ಯಾನಿಟೋರಿಯಂಗೆ ಕಾಯಬೇಡಿ, ಕೆಮ್ಮುವವನು ಬರುವ ಮಾಮೂಲಿ ಆಸ್ಪತ್ರೆಯಲ್ಲೇ ಮೈಕ್ರೋಸ್ಕೋಪಿನಲ್ಲಿ ಕಫ ನೋಡಿ, ಅಲ್ಲೇ ಔಷಧಿ ಕೊಡಿ ಎನ್ನುವುದು ಅದರ ತಿರುಳು. ಸಂಶೋಧನೆ ರೋಗಿಯ ತನಕ ತಲುಪಬೇಕು ಎನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಮ್ಮ ಹಳ್ಳಿಗಳು ಇಡೀ ದೇಶಕ್ಕೆ ದಾರಿ ತೋರಿಸಿವೆ. ನನಗೆ ಅದರ ಬಗ್ಗೆ ನಿಜವಾಗಿಯೂ ಹೆಮ್ಮೆ ಇದೆ.

ಆದರೆ ಇವತ್ತಿಗೂ ಆ ಬಾಟಲಿ ಹೋಗಿಲ್ಲ. ನಮ್ಮ ಚಿಕ್ಕಪ್ಪನ ಕಥೆಯನ್ನೇ ನೋಡಿ. ಗುಬ್ಬಿ ಕಡೆಯ ಹಳ್ಳಿಯವರು, ಕೆಮ್ಮು ಶುರುವಾದಾಗಿನಿಂದ ಕ್ಲಿನಿಕ್ಕಿಗೆ ಅಲೆದವರು. ತಿಂಗಳುಗಟ್ಟಲೆ ಸಿರಪ್, ಮೇಲೊಂದು ಇಂಜೆಕ್ಷನ್. ಕಫ ಕೊಡಿ ಎಂದು ಒಬ್ಬರೂ ಕೇಳಲಿಲ್ಲ. ಅವರಿಗೆ ಅರಿವಿರಲಿಲ್ಲ ಎಂದು ನನ್ನ ಮುಂದೆ ಯಾರಾದರೂ ಹೇಳಿದರೆ ನಾನು ಸುಮ್ನೆ ಇರುವುದಿಲ್ಲ.

ಡಾಕ್ಟರ್‌ಗಳ ಮುಂದೆ ಉದ್ದ ಕ್ಯೂ ಇರುತ್ತದೆ, ಎಲ್ಲರನ್ನೂ ಪರೀಕ್ಷೆಗೆ ಕಳಿಸಲು ಆಗುತ್ತದಾ ಎಂದು ಕೆಲವರು ಕೇಳುತ್ತಾರೆ. ಕ್ಯೂ ಇದೆ, ಒಪ್ಪುತ್ತೇನೆ. ಆದರೆ ಎಲ್ಲರನ್ನೂ ಕಳಿಸಿ ಎಂದು ಯಾರು ಹೇಳಿದರು? ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು, ನಿಯಮ ಇಷ್ಟೇ. ಎಷ್ಟು ದಿನದಿಂದ ಕೆಮ್ಮು ಎಂದು ಕೇಳಲು ಎಷ್ಟು ಹೊತ್ತು ಬೇಕು? ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ. ಕಫದಲ್ಲಿ ಕ್ಷಯದ ರೋಗಾಣು ಪತ್ತೆ ಮಾಡುವ ಟ್ರೂನ್ಯಾಟ್ ಎಂಬ ಚಿಕ್ಕ ಯಂತ್ರ ನಮ್ಮ ದೇಶದಲ್ಲೇ ತಯಾರಾಗಿದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿತು. ಅರಿವಿನ ಶಿಬಿರ ಮಾಡಲೇಬೇಕು ಎಂದಿದ್ದರೆ ಮೇಜಿನ ಆ ಕಡೆ ಕೂತು ಚೀಟಿ ಬರೆಯುವವರಿಗೆ ಮಾಡಿ.

ಇನ್ನೊಂದು ವಿಷಯ ಹೇಳಲೇಬೇಕು. ಮಂಗಳೂರಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ಕ್ಷಯ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟು ನೋಡಿದರು. ಹೆಚ್ಚಿನ ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ರೋಗ ಬರುವುದು ಸುಮಾರು 39% ಕಡಿಮೆಯಾಯಿತು ಎಂದು 2023ರಲ್ಲಿ ಪ್ರಕಟಿಸಿದರು. ಬರೀ ಊಟದಿಂದ! ಓದಿದಾಗ ಕಣ್ಣು ತುಂಬಿ ಬಂತು. ನಮ್ಮಲ್ಲಿ ರೋಗಿಯ ಪೌಷ್ಟಿಕ ಆಹಾರಕ್ಕೆ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ಮಾಡಿದ್ದಾರೆ. ಒಳ್ಳೆಯದೇ. ಆದರೆ ಆ ದುಡ್ಡು ಬರಬೇಕಾದರೆ ರೋಗಿಯ ಹೆಸರು ನೋಂದಣಿ ಆಗಬೇಕು. ಹೆಸರು ನೋಂದಣಿ ಆಗಬೇಕಾದರೆ ಮೊದಲು ರೋಗ ಪತ್ತೆ ಆಗಬೇಕು. ಸಿರಪ್ ಹಿಡಿದು ಮನೆಗೆ ಹೋದವರಿಗೆ ಮಾತ್ರೆಯೂ ಇಲ್ಲ, ದುಡ್ಡೂ ಇಲ್ಲ. ಅವರ ಮನೆಯ ಮಕ್ಕಳನ್ನು ಪರೀಕ್ಷೆ ಮಾಡಲು ಯಾರೂ ಬರುವುದೂ ಇಲ್ಲ.